ತಾಳೆ ನೋಡುವವರು

ಐವತ್ತರ ದಶಕದಲ್ಲಿ ಅಮೆರಿಕದ ವರ್ಜೀನಿಯಾದ ಒಂದು ರಾಕೆಟ್ ಸಂಶೋಧನಾಲಯದಲ್ಲಿ ಲೆಕ್ಕ ಮಾಡುವ ಕಪ್ಪು ಹೆಂಗಸರಿಗೆ ಬೇರೆಯೇ ಕೋಣೆ. ಹನ್ನೆರಡು ವರ್ಷ ಅಲ್ಲಿ ವರ್ನೆಲ್ ಅಂಕಿ ಓದಿದರೆ, ಗೆಳತಿ ಒಡೆಸ್ಸಾ ತನ್ನ ಹಾಳೆಯಲ್ಲಿ ತಾಳೆ ನೋಡಿ, "ಹೂಂ, ಮುಂದೆ ಹೇಳೇ" ಎನ್ನುತ್ತಿದ್ದಳು.

ಬಡ್ತಿ ಸಿಕ್ಕಿ ವರ್ನೆಲ್ ಬಿಳಿಯ ಎಂಜಿನಿಯರುಗಳ ಕೋಣೆಗೆ ಹೋದಳು. ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳಿಸುವ ಲೆಕ್ಕ. ಆದರೂ ಅವಳ ಪಕ್ಕ ಕೂತು ತಾಳೆ ನೋಡಲು ಒಬ್ಬ ಗಂಡಸೂ ಒಪ್ಪಲಿಲ್ಲ. ಹಾಳಾಗಿ ಹೋಗಲಿ ಎಂದು ಅವಳು ತಾನೇ ಎರಡು ಸಲ ಲೆಕ್ಕ ಮಾಡಿ, ತಾನೇ ಓದಿ, ತಾನೇ ಹೂಂಗುಟ್ಟುತ್ತಿದ್ದಳು.

ಒಂದು ಮಧ್ಯಾಹ್ನ ಒಡೆಸ್ಸಾಗೆ ಇಷ್ಟವಾದ ಪೀಚ್ ಕೇಕ್ ಹಿಡಿದು ಹಳೆಯ ಕೋಣೆಗೆ ಹೋದಳು. ಹರಟೆ ನಿಂತಿತು. ಒಡೆಸ್ಸಾ ಎದ್ದು ಕುರ್ಚಿ ಒರೆಸಿ, "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದಳು.

"ತಮಾಷೆ ಮಾಡ್ತಿದ್ದೀಯೇನೇ?" ಎಂದು ವರ್ನೆಲ್ ನಕ್ಕಳು.

ಬೇರೆ ಯಾರೂ ನಗಲಿಲ್ಲ.