ಮುಮತಾಜಳ ಮೂಗು ಮತ್ತು ಡಬ್ಬಿ ಎಣ್ಣೆ

ಒಂದು ವ್ಯಾಪಾರವೇ ಮುಮತಾಜಳ ಮೂಗಿನ ಮೇಲೆ ನಿಂತಿತ್ತು ಎಂದರೆ ನಗಬೇಡಿ. ಗಾಣದ ಎಣ್ಣೆಯನ್ನು ಒಮ್ಮೆ ಮೂಸಿದರೆ ಸಾಕು, ಕಮಟು ಹಿಡಿಯಲು ಇನ್ನೆಷ್ಟು ದಿನ ಎಂದು ಹೇಳಿಬಿಡುತ್ತಿದ್ದಳು. ವಿಜಯಪುರದ ಗಾಣದವನು ಅವಳಿಗೆ ಹಳೆಯ ಎಣ್ಣೆ ಕೊಡಲು ಹೆದರುತ್ತಿದ್ದ. ಆ ಎಣ್ಣೆಯಲ್ಲಿ ಅವಲಕ್ಕಿ ಚೂಡಾ ಮಾಡಿ, ಪ್ರತಿ ಗುರುವಾರ ಡಬ್ಬಿ ಹೊತ್ತು ತಿಕೋಟಾ ಬಸ್ಸು ಹತ್ತುತ್ತಿದ್ದಳು. "ನನ್ನ ಚೂಡಾದಾಗ ಕೆಡದಂಗ ಹಾಕೂ ಔಷಧ ಇಲ್ಲರಿ." ಇಪ್ಪತ್ತು ವರ್ಷದಿಂದ ಇದೊಂದೇ ಮಾತಿನ ಮೇಲೆ ಮಾರಿದವಳು.

ಕೊರೊನಾ ಅವಳ ಜೀವ ಉಳಿಸಿ, ವಾಸನೆಯನ್ನು ಕಸಿದುಕೊಂಡು ಹೋಯಿತು. ಮಲ್ಲಿಗೆಯೂ ಸೀಮೆಎಣ್ಣೆಯೂ ಒಂದೇ ಆದವು, ಬಾಯಿ ರುಚಿಯೂ ಸತ್ತಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೊಳ್ಳುವವರು ಯಾರು? ಗಾಣದವನ ಮುಂದೆ ಈಗಲೂ ಮೂಸಿ, ತಲೆಯಾಡಿಸಿ, ಕೊಟ್ಟದ್ದನ್ನು ತರುತ್ತಿದ್ದಳು.

ಒಂದು ದಿನ ಸೊಸೆ ನಾಜಿಯಾ ಅಂಗಡಿಯ ಎಣ್ಣೆ ಡಬ್ಬಿ ತಂದಳು. ಅದರ ಮೇಲೆ ಟಿಬಿಎಚ್‌ಕ್ಯೂ ಎಂಬ ರಾಸಾಯನಿಕದ ಹೆಸರು ಬರೆದಿತ್ತು.

"ಅಮ್ಮೀ, ಇದರಾಗ ಮಾಡ್ರಿ. ಈ ಟಿಬಿಎಚ್‌ಕ್ಯೂ ಹಾಕಿದ್ರ ಎಣ್ಣಿ ಲಗೂ ಕಮಟು ಹಿಡಿಯೂದಿಲ್ಲ."

"ಪೆಟ್ರೋಲಿನ ಮಾಲಂತ ಅದು! ತಿಂದವರ ಗತಿ ಏನ?"

"ಕಿಲೋ ಎಣ್ಣಿಗೆ ಗ್ರಾಮಿನ ಐದನೇ ಪಾಲಿಗಿಂತ ಹೆಚ್ಚ ಹಾಕಂಗಿಲ್ಲಂತ ಕಾಯ್ದೆ ಐತ್ರಿ. ಅಷ್ಟರಾಗ ಇದ್ರ ಧೋಕಾ ಇಲ್ಲ." ಆಮೇಲೆ ದನಿ ತಗ್ಗಿಸಿದಳು. "ಕೆಡೂದನ್ನ ತಡಿತೈತಿ ಅಷ್ಟ. ಕೆಟ್ಟದ್ದನ್ನ ಛಲೋ ಮಾಡಂಗಿಲ್ಲ."

ಮುಮತಾಜ ಡಬ್ಬಿಯನ್ನು ಮೂಲೆಗೆ ತಳ್ಳಿದಳು.

ಆ ಗುರುವಾರ ತಿಕೋಟಾದ ಹಳೆಯ ಗಿರಾಕಿ ವಿದ್ಯಾವತಿ ಎಂದಿನಂತೆ ಎರಡು ಕಿಲೋ ಕೊಂಡರು. "ನಿನ್ನ ಚೂಡಾ ಅಂದ್ರ ಚೂಡಾ, ಮುಮತಾಜಕ್ಕಾ!" ಬಸ್ ನಿಲ್ದಾಣ ಮುಟ್ಟಿದ ಮುಮತಾಜ, ಚೀಲ ಮರೆತದ್ದು ನೆನಪಾಗಿ ಅವರ ಮನೆಗೆ ತಿರುಗಿ ಬಂದಳು. ಹಿತ್ತಿಲಲ್ಲಿ ವಿದ್ಯಾವತಿ ಎಮ್ಮೆಯ ಮುಂದೆ ಅದೇ ಚೂಡಾ ಸುರುವುತ್ತಿದ್ದರು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಮುಮತಾಜ ಚೀಲ ಕೇಳದೆ ಊರಿಗೆ ಮರಳಿದಳು.

"ಚೂಡಾ ಕಮಟು ಅಂತ ನಿನಗೂ ಗೊತ್ತಿತ್ತೇನ?" ಎಂದಳು ಸೊಸೆಗೆ.

"ಗೊತ್ತಾಗಿ ವರ್ಷ ಆತ್ರಿ, ಅಮ್ಮೀ. ನೀವು ಮೂಸಿ ಛಲೋ ಐತಿ ಅಂತಿದ್ರಿ. ನಾ ಹ್ಯಾಂಗ ಹೇಳ್ಲಿ?"

ಎಲ್ಲರಿಗೂ ಗೊತ್ತಿತ್ತು. ಮರ್ಯಾದೆ ಉಳಿಸುತ್ತೇವೆಂದು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಮುಮತಾಜ ಒಲೆಯ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ, ಮೂಲೆಯ ಡಬ್ಬಿಯ ಮುಚ್ಚಳ ತೆಗೆದಳು.

ಮುಂದಿನ ಗುರುವಾರ ಹೊಸ ಚೂಡಾವನ್ನು ವಿದ್ಯಾವತಿಯ ಅಂಗೈಗೆ ಹಾಕಿದಳು. "ಡಬ್ಬಿ ಎಣ್ಣಿದು ವೈನಿ. ಎಣ್ಣಿ ಕೆಡದಂಗ ಔಷಧ ಹಾಕಿದ್ದು. ಖರೇ ಹೇಳ್ರಿ, ಹ್ಯಾಂಗ ಐತಿ?"

ವಿದ್ಯಾವತಿ ಅಗಿದು ನಕ್ಕರು. "ನಿನ್ನ ಚೂಡಾ ಅಂದ್ರ ಚೂಡಾ, ಮುಮತಾಜಕ್ಕಾ!"

ಅದೇ ಮಾತು, ಅದೇ ನಗು. ನಿಜವೋ ಕರುಣೆಯೋ ತಿಳಿಯಲು ಮುಮತಾಜಳಲ್ಲಿ ಮೂಗು, ನಾಲಿಗೆ ಏನೂ ಉಳಿದಿರಲಿಲ್ಲ.

"ಮದಲ ಎಮ್ಮಿಗೆ ತೋರಸ್ರಿ ವೈನಿ," ಎಂದಳು. "ಅದು ಸುಳ್ಳು ಹೇಳಂಗಿಲ್ಲ."

ವಿದ್ಯಾವತಿ ಹಿತ್ತಿಲಿನತ್ತ ತಿರುಗಿ ನೋಡಿದರು. ಮುಮತಾಜ ಚೂಡಾದ ಡಬ್ಬಿಗಳನ್ನು ಕಟ್ಟೆಯ ಮೇಲೆಯೇ ಬಿಟ್ಟು ಬಸ್ಸಿಗೆ ನಡೆದಳು. ತಿಕೋಟಾಕ್ಕೆ ಅವಳು ಮತ್ತೆ ಹೋಗಲಿಲ್ಲ.