ಅಳಬಾರದು ಎಂದವಳು

ಪೀರನವಾಡಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೂವಿನ ಹಾರಕ್ಕಿಂತ ಮೊದಲು ಶಿವಬಸವ್ವ ಬರುತ್ತಿದ್ದಳು. ಕಂಕುಳಲ್ಲಿ ವಚನದ ಪುಸ್ತಕ. ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ ವಿಭೂತಿ ಹಚ್ಚುವಷ್ಟರಲ್ಲಿ ಓದು ಶುರು. ಯಾರಾದರೂ ಬಿಕ್ಕಿದರೋ, "ಸುಮ್ಮನಿರ್ರಿ! ಲಿಂಗದಾಗ ಬೆರತಾರ. ಅಳೂದಂದ್ರ ಶಿವನ್ನ ಬೈದಂಗ" ಎಂದು ಗದರುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಆಕೆಯದು ನಾಟಕವಲ್ಲ. ದಿನಾ ಲಿಂಗಪೂಜೆ ಮುಗಿಸಿ ಓದಿದ್ದನ್ನು ಖರೇ ನಂಬಿದವಳು. ಗಂಡ ಸತ್ತಾಗಲೂ ಅತ್ತಿರಲಿಲ್ಲ.

ಎದುರುಮನೆಯ ಕುರುಬರ ಭರಮವ್ವನ ಮಗ ಯಲ್ಲೇಶ ಉದ್ಯಮಬಾಗದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವಾಗ ಬೈಕಿನಿಂದ ಬಿದ್ದು ಸತ್ತ. ಭರಮವ್ವ ತಮ್ಮವರ ರೂಢಿಯಂತೆ ಮಗನ ಗುಣಗಳನ್ನು ಹಾಡಿಕೊಂಡು ಅಳತೊಡಗಿದಳು. ಶಿವಬಸವ್ವ ಹೋಗಿ ಆಕೆಯ ಬಾಯಿಗೆ ಕೈ ಅಡ್ಡ ಹಿಡಿದು ವಚನ ಓದಿದಳು. ಭರಮವ್ವ ಸುಮ್ಮನಾದಳು. ಹಿರಿಯರ ಮಾತು ಮೀರುವ ಹೆಂಗಸಲ್ಲ ಪಾಪ. ಆಮೇಲೆ ಮನೆ ಖಾಲಿ ಮಾಡಿ ಖಾನಾಪುರದ ತಮ್ಮನ ಮನೆಗೆ ಹೋದಳು.

ಈ ಮಳೆಗಾಲ ಶಿವಬಸವ್ವನ ಒಬ್ಬಳೇ ಮಗಳು ಪದ್ಮಶ್ರೀ ಡೆಂಗಿ ಜ್ವರಕ್ಕೆ ಹೋಗಿಬಿಟ್ಟಳು. ಓಣಿಗೆ ಓಣಿಯೇ ಬಂತು. ಒಬ್ಬರೂ ಅಳಲಿಲ್ಲ! ಆಕೆಗೆ ಬೇಸರವಾದೀತೆಂದು ಬಾಯಿಗೆ ಸೆರಗು ತುರುಕಿಕೊಂಡು ಕೂತೆವು. ಶಿವಬಸವ್ವ ಪುಸ್ತಕ ತೆರೆದಳು, ಓದದೆ ಮುಚ್ಚಿದಳು. ನಮ್ಮ ಮುಖಗಳನ್ನೇ ನೋಡಿದಳು.

"ಯಾರರ ಅಳ್ರೆವ್ವಾ. ನನ್ನ ಮಗಳ ಹೋಗ್ಯಾಳ" ಎಂದಳು.

ಎಲ್ಲರೂ ಗೊಳೋ ಎಂದು ಅತ್ತೆವು. ಆಕೆಗೆ ಮಾತ್ರ ಒಂದು ಹನಿ ಬರಲಿಲ್ಲ.

ಕೆಲವು ವಾರಗಳ ನಂತರ ನನ್ನನ್ನು ಕರೆದು ಪುಸ್ತಕ ತೋರಿಸಿದಳು. "ನೋಡವಾ, ಶರಣರೂ ದೇವರ ಮುಂದ ಅತ್ತಾರ, ಹಲಬ್ಯಾರ. ಈ ಹಾಳಿ ಬಂದ್ರ ನಾ ದಾಟಿಸಿ ಓದತಿದ್ದೆ. ಅಳೂದು ಶಿವನ್ನ ಬೈದಂಗ ಅಲ್ಲ, ಕರದಂಗ. ಭರಮವ್ವನ ಕಡೆ ನನ್ನ ಕರಕೊಂಡ ಹೋಗು."

ಖಾನಾಪುರದಲ್ಲಿ ಭರಮವ್ವ ಚಾಪೆ ಹಾಸಿ ಚಹಾ ಕೊಟ್ಟಳು. ಶಿವಬಸವ್ವ ಆಕೆಯ ಎರಡೂ ಕೈ ಹಿಡಿದಳು.

"ಅವತ್ತ ನಾ ತಪ್ಪ ಮಾಡಿದೆ ತಂಗಿ. ಹಾಡಿಕೊಂಡ ಅಳು. ನಿನ್ನ ಕೂಡ ನಾನೂ ಅಳತೀನಿ."

ಭರಮವ್ವ "ಯಲ್ಲ್ಯಾ, ನನ್ನ ಕೂಸಽ" ಎಂದು ದನಿ ತೆಗೆದಳು. ಅಲ್ಲಿಗೇ ನಿಂತಿತು. ಮತ್ತೆ ತೆಗೆದಳು, ಮತ್ತೆ ನಿಂತಿತು. ಸೆರಗಿನಿಂದ ಒಣಗಿದ ಕಣ್ಣನ್ನೇ ಒರೆಸಿಕೊಂಡಳು.

"ಬರವಲ್ದರೀ ಅಕ್ಕಾರ. ಅವತ್ತ ನುಂಗಿದ್ದು ಮತ್ತ ಮ್ಯಾಲ ಬಂದೇ ಇಲ್ಲ. ಬ್ಯಾಸರಾ ಮಾಡಕೋಬ್ಯಾಡ್ರಿ. ನೀವ ಅಳ್ರಿ, ನಾ ಬಾಜು ಕುಂತಿರತೀನಿ."

ಶಿವಬಸವ್ವ ಆಕೆಯ ತೊಡೆಯ ಮೇಲೆ ಬಿದ್ದು ಅತ್ತಳು. ಭರಮವ್ವ ಆಕೆಯ ಬೆನ್ನು ಸವರುತ್ತಲೇ ಇದ್ದಳು.