ತಗಡಿಗೆ ಇಟ್ಟ ಕುಂಕುಮ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ಈಗೀಗ ಮಾತು ಮರೆಸುತ್ತೇನೆ. ನಿಜ ಹೇಳಿ ಸುಖಪಟ್ಟವಳಲ್ಲ ನಾನು. ಹೊಸೂರಿನ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ ಕೂತು, ಕಬ್ಬಿಣದ ತಗಡು ತುಕ್ಕು ಹಿಡಿಯುತ್ತದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ರಾಯಕೋಟೆಯ ಮನೆಯಲ್ಲಿ ಇದನ್ನು ಬಿಡಿಸಿ ಹೇಳಿದ ದಿನ ಅಮ್ಮ ಗಲ್ಲಕ್ಕೆ ಕೈ ಇಟ್ಟಳು. "ತುಕ್ಕು ಹಿಡೀತದಾ ಅಂತ ನೋಡಕ್ಕೂ ಸಂಬಳ ಕೊಡ್ತಾರೇನೇ? ನಮ್ ಹಿತ್ಲಾಗೆ ನೇಗ್ಲು ಬಿದ್ದೈತೆ, ಕೂತ್ಕಂಡು ನೋಡು." ಎಂ.ಎಸ್ಸಿ. ಓದಿದ್ದಕ್ಕೆ ಸಿಕ್ಕ ಮರ್ಯಾದೆ ಇದು.

ಆದರೂ ನಿಮಗೆ ಹೇಳಿಯೇ ತೀರುತ್ತೇನೆ. ನೀವಾದರೂ ಮಧ್ಯದಲ್ಲಿ ಎದ್ದು ಹೋಗಬೇಡಿ. ಸೋಪಿನ ಜಾತಿಗೆ ಸೇರಿದ ಸರ್ಫ್ಯಾಕ್ಟೆಂಟ್ ಎಂಬ ವಸ್ತುಗಳಿವೆ. ಅವುಗಳ ಒಂದೊಂದು ಕಣಕ್ಕೂ ಒಂದು ತಲೆ, ಒಂದು ಬಾಲ. ತಲೆಗೆ ನೀರೆಂದರೆ ಪ್ರಾಣ, ಬಾಲಕ್ಕೆ ನೀರೆಂದರೆ ಆಗದು. ಇವುಗಳಲ್ಲಿ ಕೆಲವನ್ನು ಚಿಟಿಕೆಯಷ್ಟು ಉಪ್ಪುನೀರಿಗೆ ಹಾಕಿ, ಅದರಲ್ಲಿ ದಾರ ಕಟ್ಟಿದ ತಗಡು ಇಳಿಬಿಟ್ಟರೆ, ತಲೆಯನ್ನು ಲೋಹಕ್ಕೆ ಆನಿಸಿ, ಬಾಲವನ್ನು ಆಚೆ ಚಾಚಿ, ಬೆಳಗಿನ ರಾಯಕೋಟೆ ಬಸ್ಸಿನ ಜನರಂತೆ ಒತ್ತಿಕೊಂಡು ನಿಲ್ಲುತ್ತವೆ. ಹೀಗೆ ಬೆಳೆದ ಪೊರೆಯನ್ನು ದಾಟಿ ನೀರು ಲೋಹವನ್ನು ಮುಟ್ಟುವುದು ಕಷ್ಟ. ಕಡಿಮೆ ಹಾಕಿದಿರೋ, ಸಂದು ಉಳಿದು ಅಲ್ಲೇ ತುಕ್ಕು. ಹೆಚ್ಚು ಹಾಕಿದಿರೋ, ಜಾಗ ಸಿಗದವು ನೀರಿನಲ್ಲೇ ಗುಂಪು ಕಟ್ಟಿಕೊಂಡು ತೇಲುತ್ತವೆ, ಕೆಲಸಕ್ಕೆ ಬರುವುದಿಲ್ಲ. ಟೀ ವೇಳೆ ಮುಗಿದ ಮೇಲೂ ಇಂಥ ಗುಂಪುಗಳನ್ನು ನಮ್ಮ ಕಾರ್ಖಾನೆಯಲ್ಲಿ ನೋಡಬಹುದು.

ಇಷ್ಟೆಲ್ಲ ಯಾತಕ್ಕೆಂದರೆ, ಮುನಿಯಮ್ಮನ ಕೈಗಾಗಿ. ಉದ್ದನಪಲ್ಲಿಯ ಮುನಿಯಮ್ಮ ನಮ್ಮಲ್ಲಿ ಸ್ಕ್ರೂ, ಬೋಲ್ಟುಗಳನ್ನು ಒಂದು ಹಳದಿ ದ್ರಾವಣದಲ್ಲಿ ಅದ್ದಿ ತೆಗೆಯುವ ಹೆಂಗಸು. ಎಲ್ಲರೂ ತಮಿಳಿನಲ್ಲಿ ಅದನ್ನು ಮಂಜಳ್ ತೊಟ್ಟಿ ಎನ್ನುತ್ತಾರೆ. ತುಕ್ಕು ತಡೆಯುವುದರಲ್ಲಿ ಅದು ಗಟ್ಟಿಗ. ಚರ್ಮ ಸುಡುವುದರಲ್ಲಿ ಇನ್ನೂ ಗಟ್ಟಿಗ. ಕೈಗವಸು ಹಾಕಿದರೆ ಸಣ್ಣ ಸ್ಕ್ರೂ ಹಿಡಿತಕ್ಕೆ ಸಿಗುವುದಿಲ್ಲವೆಂದು ಅದನ್ನು ಕಿತ್ತೆಸೆದು ಬರಿಗೈ ಇಳಿಸುತ್ತಾಳೆ. ಬೆರಳ ಸಂದುಗಳೆಲ್ಲ ಬಿರಿದು, ಮುದ್ದೆ ಮುರಿಯುವಾಗ ಸಾರು ತಾಗಿದರೆ ಕಣ್ಣಲ್ಲಿ ನೀರು. ನನ್ನ ಪೊರೆ ಗೆದ್ದರೆ ಆ ತೊಟ್ಟಿಯನ್ನೇ ಮುಚ್ಚಿಸುತ್ತೇನೆಂದು ಮಾಲೀಕರು ಮಾತು ಕೊಟ್ಟಿದ್ದರು. ಸುಮ್ಮನೆ ಆಸೆ ಹುಟ್ಟಿಸುವುದೇಕೆಂದು ನಾನು ಅವಳಿಗೆ ಹೇಳಿರಲಿಲ್ಲ. ನಮ್ಮ ಮಾಲು ಕೊಳ್ಳುವ ಕಂಪನಿಯವರು ಆಯುಧಪೂಜೆಯ ರಜೆ ಮುಗಿದೊಡನೆ ಬಂದು ತಗಡುಗಳನ್ನು ನೋಡುವುದೆಂದು ನಿಶ್ಚಯವಾಯಿತು.

ಆಯುಧಪೂಜೆ! ನಮ್ಮ ಕಡೆ ಆ ಹಬ್ಬಕ್ಕೆ ಲೋಹವೆಂದು ಕಂಡದ್ದಕ್ಕೆಲ್ಲ ಸ್ನಾನ. ಲೇತು, ಸ್ಪ್ಯಾನರು, ವಾಚ್‌ಮನ್ನನ ಸೈಕಲ್ಲು, ಕ್ಯಾಂಟೀನಿನ ಸೌಟು, ಯಾವುದಕ್ಕೂ ವಿನಾಯಿತಿಯಿಲ್ಲ. ರಜೆಯ ಹಿಂದಿನ ದಿನ, ಕಾರ್ಖಾನೆಯ ಪೂಜೆಯಂದು, ಊಟ ಮುಗಿಸಿ ಲ್ಯಾಬಿಗೆ ಬಂದು ನೋಡುತ್ತೇನೆ, ತಗಡು ಇಳಿಬಿಟ್ಟಿದ್ದ ಗಾಜಿನ ಪಾತ್ರೆಗಳು ಬರಿದು. ತಗಡುಗಳೆಲ್ಲ ಪಾತ್ರೆ ತೊಳೆಯುವ ಸೋಪಿನಲ್ಲಿ ಫಳಫಳ ಉಜ್ಜಿಸಿಕೊಂಡು, ವಿಭೂತಿ ಬಳಿಸಿಕೊಂಡು, ಒದ್ದೆ ಕುಂಕುಮ ಇಡಿಸಿಕೊಂಡು, ಚೆಂಡುಹೂವಿನ ಜೊತೆ ಮೇಜಿನ ಮೇಲೆ ಸಾಲಾಗಿ ಕೂತಿವೆ. ವಾರಗಟ್ಟಲೆ ಬೆಳೆಸಿದ ಪೊರೆ ಬಚ್ಚಲು ಸೇರಿತ್ತು.

"ಯಾರು ಮಾಡಿದ್ದು ಇದನ್ನ?" ಎಂದು ಕಿರುಚಿದೆ.

"ನಾನೇ ಕಣಮ್ಮ," ಎಂದಳು ಮುನಿಯಮ್ಮ, ಮುಖ ಅರಳಿಸಿಕೊಂಡು. "ನಿನ್ ಕೆಲ್ಸ ಗೆಲ್ಲಲಿ ಅಂತ ಇವುಕ್ಕೇ ಮೊದ್ಲು ಕುಂಕ್ಮ ಇಕ್ದೆ."

"ಅಯ್ಯೋ, ತೊಳೆದದ್ದು ಯಾಕೆ?"

"ಸೋಪ್‌ನೀರ್ನಾಗೇ ನೆನೀತಾ ಇದ್ವಲ್ಲ, ನೀನೇ ಹೇಳಿದ್ದೆ. ಸೋಪ್ನಾಗಿರೋದ್ನ ಸೋಪ್ನಾಗೇ ತೊಳುದ್ರೆ ಏನಾಯ್ತದೆ?"

ಹಣೆ ಹಣೆ ಚಚ್ಚಿಕೊಂಡೆ. ಕಾಯುವ ಸೋಪು ಬೇರೆ, ಕೆರೆದು ತೆಗೆಯುವ ಸೋಪು ಬೇರೆ ಎಂದು ತಲೆ, ಬಾಲ, ಬಸ್ಸು ಎಲ್ಲ ಹೇಳಿದೆ. ಹರಿಕಥೆ ಕೇಳುವವಳ ಹಾಗೆ ತಲೆದೂಗಿ, "ಆಯ್ತು ಬುಡು, ಇನ್ನೊಂದ್ಸಲ ನೆನೆಹಾಕು," ಎಂದಳು. ದೋಸೆಗೆ ಅಕ್ಕಿಯೇ ಇದು? ನನಗೆ ಎಲ್ಲಿತ್ತೋ ಸಿಟ್ಟು. "ಇದು ಗೆದ್ದಿದ್ದರೆ ಮಂಜಳ್ ತೊಟ್ಟಿ ಮುಚ್ಚುತ್ತಿದ್ದರು ಮುನಿಯಮ್ಮ! ನಿನ್ನ ಕೈ ಉಳೀತಿತ್ತು!" ಎಂದುಬಿಟ್ಟೆ.

ಅವಳು ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು, ಸೆರಗಿನೊಳಗೆ ಇಟ್ಟುಕೊಂಡಳು. ಬೈಯಲು ಯಾರೂ ಸಿಗದಿದ್ದರೆ ಸಿಟ್ಟು ಎಷ್ಟು ಕಷ್ಟದ ವಸ್ತು ಎಂದು ಆಗ ತಿಳಿಯಿತು.

ಕಂಪನಿಯವರು ಬಂದರು. ಕುಂಕುಮದ ಸುತ್ತ ಎದ್ದ ತುಕ್ಕನ್ನು ನೋಡಿ ನಕ್ಕು, ಮತ್ತೊಮ್ಮೆ ಮಾಡಿ, ಮುಂದಿನ ತಿಂಗಳು ಬರುತ್ತೇವೆ ಎಂದು ಹೋದರು. ಮುನಿಯಮ್ಮ ಮತ್ತೆ ಹಳದಿ ತೊಟ್ಟಿಗೆ ಕೈ ಇಳಿಸಿದಳು. ನಾನು ಮತ್ತೆ ತಗಡು ಇಳಿಬಿಟ್ಟೆ.

ಈಗ ನನಗೆ ಹೊಸ ಪೀಡೆ. ಊಟದ ವೇಳೆಯಲ್ಲಿ ಮುನಿಯಮ್ಮ ಬುತ್ತಿ ತಂದು ಲ್ಯಾಬಿನ ಬಾಗಿಲಲ್ಲೇ ಕೂರುತ್ತಾಳೆ. ಕಸ ಗುಡಿಸುವವರಿಗೆ ಪ್ರವೇಶವಿಲ್ಲ. ಮಾಲೀಕರು ಇಣುಕಿದರೂ ಅನುಮಾನದಿಂದ ನೋಡುತ್ತಾಳೆ. ನಿನ್ನೆ ಪೊರೆ ಎಷ್ಟು ಬೆಳೆದಿದೆ ನೋಡೋಣವೆಂದು ನಾನೇ ಒಂದು ತಗಡಿನ ದಾರ ಎತ್ತಿದೆ. ಅದು ನನ್ನ ಕೆಲಸ ಸ್ವಾಮಿ, ಅದಕ್ಕೇ ನನಗೆ ಸಂಬಳ. ಮುನಿಯಮ್ಮ ತುತ್ತು ಬಿಟ್ಟು ಎದ್ದು ಬಂದಳು.

"ಮುಟ್ಬ್ಯಾಡ, ಇಳ್ಸಮ್ಮ," ಎಂದು ಗದರಿದಳು. "ಅವು ನನ್ ಕೈ."